ದುಭಾಷಿಯಿಲ್ಲದ ಯಂತ್ರ

(ಬಾನುಲಿ ಭಾಷಣ)



'ಡ್ರೈವರ್' ಎಂಬ ಮಾತು ಕನ್ನಡಕ್ಕೆ ಬಂದು ಬಹುಕಾಲವಾಯಿತು. ಬಸ್ಸಿನ ಮುಂದಿನ ಆಸನದಲ್ಲಿ ಕುಳಿತು ನಮ್ಮನ್ನು ಊರಿಂದ ಊರಿಗೆ ಮುಟ್ಟಿಸುವ ಪುಣ್ಯಾತ್ಮನನ್ನು ನಾವು ಆ ಹೆಸರಿನಿಂದ ಕರೆಯುತ್ತೇವೆ; ಬರವಣಿಗೆಯಲ್ಲಿ ಅವನನ್ನೇ 'ಚಾಲಕ' ಎನ್ನುತ್ತೇವೆ. ಗಣಕಯಂತ್ರದ ಲೋಕದಲ್ಲಿಯೂ ಈ ಮಾತು ಬಳಕೆಯಲ್ಲಿದೆ. ಆದರೆ ಅಲ್ಲಿಯ ಡ್ರೈವರ್ ಮನುಷ್ಯನಲ್ಲ. ಅದು ಯಾವುದನ್ನೂ ಒಂದೆಡೆಯಿಂದ ಇನ್ನೊಂದೆಡೆಗೆ ಓಡಿಸುವುದೂ ಇಲ್ಲ. ಅದು ಒಂದು ಸಣ್ಣ ತಂತ್ರಾಂಶ. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದ ಇಬ್ಬರ ನಡುವೆ ನಿಂತು ಮಾತನ್ನು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಮುಟ್ಟಿಸುವುದು ಅದರ ಕೆಲಸ. ಹಿಂದಿನ ಕಾಲದ ಕಚೇರಿಗಳಲ್ಲಿ ಇಂಥ ಕೆಲಸ ಮಾಡುತ್ತಿದ್ದವನನ್ನು ನಮ್ಮ ಹಿರಿಯರು 'ದುಭಾಷಿ' ಎನ್ನುತ್ತಿದ್ದರು. ಆ ಹಳೆಯ ಮಾತೇ ಇಲ್ಲಿ ಹೆಚ್ಚು ಒಪ್ಪುತ್ತದೆಂದು ನನಗೆ ತೋರುತ್ತದೆ.

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಈ ವಿಷಯದ ಗೊಡವೆ ಏಕೆ ಬೇಕಾಯಿತೆಂದು ನೀವು ಕೇಳಬಹುದು. ನನ್ನ ಬಳಿ 2013ರಲ್ಲಿ ಕೊಂಡ ಒಂದು ಲ್ಯಾಪ್‌ಟಾಪ್ ಇದೆ. ಕಮ್ಮಾರರು, ಕುಂಬಾರರು, ನೇಕಾರರು ತಮ್ಮ ಕಸುಬಿನಲ್ಲಿ ಬಳಸುವ ಮಾತುಗಳನ್ನು ನಾನು ಮೂವತ್ತು ವರ್ಷಗಳಿಂದ ಸಂಗ್ರಹಿಸುತ್ತ ಬಂದಿದ್ದೇನೆ. ತಿದಿ, ಅಡಿಗಲ್ಲು, ತಿಗರಿ, ಲಾಳಿ, ಹಾಸು, ಹೊಕ್ಕು — ಹೀಗೆ ಸುಮಾರು ಹನ್ನೊಂದು ಸಾವಿರ ಮಾತುಗಳು, ಅವನ್ನು ಹೇಳಿದವರ ಊರು, ಅರ್ಥ, ಪ್ರಯೋಗ ಎಲ್ಲವೂ ಆ ಯಂತ್ರದಲ್ಲಿವೆ. ಹೇಳಿದವರಲ್ಲಿ ಅನೇಕರು ಈಗಿಲ್ಲ. ಯಂತ್ರಕ್ಕೆ ಯಾವ ರೋಗವೂ ಇರಲಿಲ್ಲ. ಆದರೆ ಅದನ್ನು ನಡೆಸುತ್ತಿದ್ದ ಕಾರ್ಯಾಚರಣೆ ವ್ಯವಸ್ಥೆಯ ಒಡೆಯರು, ಇನ್ನು ಮುಂದೆ ಇಷ್ಟು ಹಳೆಯ ಯಂತ್ರಗಳಿಗೆ ತಮ್ಮ ಹೊಸ ಆವೃತ್ತಿ ದೊರೆಯುವುದಿಲ್ಲವೆಂದೂ, ಹಳೆಯ ಆವೃತ್ತಿಗೆ ಸುರಕ್ಷತೆಯ ದುರಸ್ತಿಗಳು ಬರುವುದಿಲ್ಲವೆಂದೂ ಸಾರಿದರು. ಅಂಗಡಿಯವರು ಹೊಸದನ್ನು ಕೊಳ್ಳಿರೆಂದರು. ನಿವೃತ್ತಿ ವೇತನದವನಿಗೆ ಅದು ಸಣ್ಣ ಮೊತ್ತವಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಇನ್ನೊಂದು ಪ್ರಶ್ನೆ: ಹಣ ಕೊಟ್ಟು ಕೊಂಡ ವಸ್ತು ಗಟ್ಟಿಯಾಗಿರುವಾಗಲೇ ಅದು ಮುಗಿಯಿತೆಂದು ಹೇಳುವ ಅಧಿಕಾರ ಯಾರದು?

ನಮ್ಮ ಪಕ್ಕದ ಮನೆಯ ಹುಡುಗಿ ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಅವಳು ನನ್ನ ಪೇಚನ್ನು ಕೇಳಿ, "ಮೇಷ್ಟ್ರೆ, ಲಿನಕ್ಸ್ ಹಾಕಿಬಿಡಿ, ಇನ್ನೂ ಐದಾರು ವರ್ಷ ನಡೆಯುತ್ತೆ" ಎಂದಳು.

ಲಿನಕ್ಸ್ ಎಂಬುದರ ಹುಟ್ಟು ದೂರದ ಫಿನ್‌ಲೆಂಡಿನಲ್ಲಿ. ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬ ತರುಣ 1991ರ ಆಗಸ್ಟ್ 25ರಂದು, ತಾನೊಂದು ಕಾರ್ಯಾಚರಣೆ ವ್ಯವಸ್ಥೆಯನ್ನು ಹವ್ಯಾಸಕ್ಕಾಗಿ ಬರೆಯುತ್ತಿದ್ದೇನೆಂದು ಪ್ರಕಟಿಸಿದ. ತನ್ನ ಯಂತ್ರದಲ್ಲಿ ಇದ್ದ ಬಗೆಯ ಡಿಸ್ಕನ್ನು ಬಿಟ್ಟು ಬೇರೆ ಬಗೆಯವುಗಳೊಡನೆ ಅದು ಬಹುಶಃ ಎಂದೂ ಕೆಲಸ ಮಾಡಲಾರದೆಂದು ಅವನು ಆಗಲೇ ಹೇಳಿದ್ದ. ಅಂದರೆ ಆ ವ್ಯವಸ್ಥೆಗೆ ಮೊದಲಲ್ಲಿ ತನ್ನ ಮನೆಯವರೊಡನೆ ಮಾತ್ರ ಮಾತು ಬರುತ್ತಿತ್ತು. 1992ರಲ್ಲಿ ಅವನು ಅದನ್ನು ಯಾರು ಬೇಕಾದರೂ ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ಪರವಾನಗಿಯ ಅಡಿಯಲ್ಲಿ ಬಿಟ್ಟುಕೊಟ್ಟ. ಆಮೇಲೆ ಸಾವಿರಾರು ಜನ ತಮ್ಮ ತಮ್ಮ ಯಂತ್ರಗಳ ಭಾಷೆಯನ್ನು ಅದಕ್ಕೆ ಕಲಿಸಿದರು. ಇಂದು ಆಂಡ್ರಾಯ್ಡ್ ದೂರವಾಣಿಗಳ ಒಡಲಲ್ಲಿರುವುದು ಅದೇ. 2017ರ ನವೆಂಬರಿನಿಂದ ಜಗತ್ತಿನ ಅತ್ಯಂತ ವೇಗದ 500 ಮಹಾಗಣಕಗಳನ್ನೂ ಅದೇ ನಡೆಸುತ್ತಿದೆ. ಅದರ ತಿರುಳಿನ ಬರಹ ಮೂರು ಕೋಟಿ ಸಾಲುಗಳನ್ನು ಮೀರಿದೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಾಲುಗಳು ನಾನು ಮೊದಲು ಹೇಳಿದ ದುಭಾಷಿಗಳೇ. ಇದನ್ನು ಕೇಳಿದಾಗ, ಯಂತ್ರದ ನಿಜವಾದ ಕಷ್ಟವೆಲ್ಲ ಯೋಚಿಸುವುದರಲ್ಲಿಲ್ಲ, ಇತರರೊಡನೆ ಮಾತಾಡುವುದರಲ್ಲಿದೆ ಎಂದು ನನಗೆ ಅನ್ನಿಸಿತು.

ಸ್ಥಾಪನೆಯ ಕ್ರಮವನ್ನು ಸ್ವಲ್ಪ ವಿವರಿಸುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದೀತು. ಮೊದಲು ನನ್ನ ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ಎರಡು ಸಲ ನಕಲು ಮಾಡಿ ಬೀರುವಿನಲ್ಲಿಟ್ಟೆ. ಹೊಸಬರಿಗೆ ಸುಲಭವೆಂದು ಹೆಸರಾದ ಒಂದು ಲಿನಕ್ಸ್ ಆವೃತ್ತಿಯನ್ನು ಹುಡುಗಿ ತನ್ನ ಮನೆಯಲ್ಲಿ ಇಳಿಸಿಕೊಂಡು, ಎಂಟು ಜಿಬಿಯ ಪೆನ್‌ಡ್ರೈವಿಗೆ ಬರೆದು ತಂದಳು. ಯಂತ್ರವನ್ನು ಹೊತ್ತಿಸುವಾಗ ಒಂದು ಕೀಲಿಯನ್ನು ಒತ್ತಿ ಹಿಡಿದರೆ, ಯಾವುದರಿಂದ ಆರಂಭಿಸಬೇಕೆಂದು ಅದು ಕೇಳುತ್ತದೆ. ಪೆನ್‌ಡ್ರೈವನ್ನು ಆರಿಸಿದೆವು. ಈ ವ್ಯವಸ್ಥೆಯಲ್ಲಿ ನನಗೆ ತುಂಬ ಮೆಚ್ಚುಗೆಯಾದ ಒಂದು ಸೌಜನ್ಯವಿದೆ: ಅದು ಒಮ್ಮೆಗೇ ಮನೆಯೊಳಗೆ ನುಗ್ಗುವುದಿಲ್ಲ. ನಮ್ಮ ಡಿಸ್ಕನ್ನು ಮುಟ್ಟದೆ, ಪೆನ್‌ಡ್ರೈವಿನಿಂದಲೇ ನಡೆದು ತೋರಿಸುತ್ತದೆ. ಮನಸ್ಸಿಗೆ ಬಂದರೆ ನೆಲೆಗೊಳಿಸಬಹುದು. ಬಾರದಿದ್ದರೆ ಪೆನ್‌ಡ್ರೈವನ್ನು ಕಿತ್ತರಾಯಿತು, ಹಳೆಯದು ಹಾಗೆಯೇ ಇರುತ್ತದೆ.

ತೆರೆಯಲ್ಲಿ ಚಿತ್ರ ಸೊಗಸಾಗಿ ಮೂಡಿತು. ಕೀಲಿಮಣೆ ಮಾತು ಕೇಳಿತು, ಧ್ವನಿ ಬಂತು. ಆದರೆ ವೈಫೈ ಎಂಬ ನಿಸ್ತಂತು ಸಂಪರ್ಕದ ಸುಳಿವೇ ಇರಲಿಲ್ಲ. ಅದು ಕೆಟ್ಟಿದೆಯೆಂದಲ್ಲ, ಅಂಥದೊಂದು ಅಂಗ ತನಗಿದೆಯೆಂಬುದೇ ಯಂತ್ರಕ್ಕೆ ತಿಳಿಯದವರಂತೆ ಇತ್ತು. ಅದಕ್ಕೆ ಬೇಕಾದ ಡ್ರೈವರ್ ಅಂತರಜಾಲದಲ್ಲಿದೆ, ಇಳಿಸಿಕೊಳ್ಳಬೇಕು ಎಂದಳು ಹುಡುಗಿ. ಅಂತರಜಾಲಕ್ಕೆ ಹೋಗಬೇಕಾದರೆ ವೈಫೈ ಬೇಕು. ವೈಫೈ ಬೇಕಾದರೆ ಅಂತರಜಾಲಕ್ಕೆ ಹೋಗಬೇಕು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂದು ನಮ್ಮ ಹಿರಿಯರು ಇದನ್ನೇ ಕುರಿತು ಹೇಳಿರಬೇಕು.

ಇಂಥದು ಏಕೆ ಆಗುತ್ತದೆ? ಯಂತ್ರದ ತಿರುಳು ಆಡುವ ಮಾತು ಸಾಮಾನ್ಯವಾದದ್ದು: 'ಈ ಮಾಹಿತಿಯನ್ನು ಹೊರಗೆ ಕಳುಹಿಸು', ಅಷ್ಟೆ. ಆದರೆ ವೈಫೈ ಚಿಪ್ಪಿಗೆ ಆ ಮಾತು ಅರ್ಥವಾಗದು. ಇಂತಿಂಥ ಸಂಖ್ಯೆಯ ಮನೆಯಲ್ಲಿ ಇಂತಿಂಥ ಅಂಕಿಯನ್ನಿಡು, ಇಷ್ಟು ಹೊತ್ತು ಕಾದಿರು, ಆಮೇಲೆ ಇನ್ನೊಂದು ಮನೆಯನ್ನು ತೆರೆದು ನೋಡು ಎಂಬ ಬಗೆಯ ಭಾಷೆ ಅದರದು. ಒಂದೊಂದು ತಯಾರಕರ ಚಿಪ್ಪಿಗೆ ಒಂದೊಂದು ಭಾಷೆ. ಆ ಭಾಷೆಯ ವ್ಯಾಕರಣ ಇರುವುದು ತಯಾರಕರ ಕಪಾಟಿನಲ್ಲಿ. ಅವರು ಅದನ್ನು ಪ್ರಕಟಿಸಿದರೆ ಯಾರಾದರೂ ದುಭಾಷಿಯನ್ನು ಬರೆಯಬಲ್ಲರು, ಬಚ್ಚಿಟ್ಟರೆ ಬರೆಯಲಾರರು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ'ವನ್ನು ಬರೆಯುವಾಗ ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ. ಜನ ಆಡುವ, ಕವಿಗಳು ಬರೆದ ಭಾಷೆ ಅವನ ಮುಂದೆ ತೆರೆದಿತ್ತು. ಒಂದು ಭಾಷೆಯ ವ್ಯಾಕರಣಕ್ಕೆ ಒಡೆಯರಿರುವುದು, ಆ ಒಡೆಯರು ಅದನ್ನು ಬೀಗ ಹಾಕಿ ಇಡುವುದು, ಇದು ನಮ್ಮ ಕಾಲದ ಹೊಸ ಸಂಗತಿ.

ಈ ಬೀಗದ ವಿರುದ್ಧ ಎದ್ದ ಚಳವಳಿಯ ಮೂಲದಲ್ಲಿಯೂ ಒಂದು ಡ್ರೈವರಿನ ತೊಡಕೇ ಇದೆ. 1980ರ ಸುಮಾರಿಗೆ ಅಮೆರಿಕದ ಎಂ.ಐ.ಟಿ.ಯ ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯಕ್ಕೆ ಜೆರಾಕ್ಸ್ ಸಂಸ್ಥೆಯಿಂದ ಒಂದು ಲೇಸರ್ ಮುದ್ರಕ ಬಂತು. ಅದರಲ್ಲಿ ಆಗಾಗ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಎಂಬಾತ ಹಿಂದಿನ ಮುದ್ರಕದ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿದಾಗ ಮುದ್ರಣಕ್ಕಾಗಿ ಕಾದಿರುವವರ ತೆರೆಗೆ ಸುದ್ದಿ ಹೋಗುವಂತೆ ಮಾಡಿದ್ದ. ಹೊಸದಕ್ಕೂ ಹಾಗೆಯೇ ಮಾಡಲು ಹೊರಟರೆ, ತಂತ್ರಾಂಶದ ಮೂಲಪಾಠವನ್ನು ಯಾರೂ ಕೊಟ್ಟಿರಲಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಒಬ್ಬರ ಬಳಿ ಅದು ಇದೆಯೆಂದು ತಿಳಿದು ಹೋಗಿ ಕೇಳಿದ. ಯಾರಿಗೂ ಕೊಡುವುದಿಲ್ಲವೆಂದು ತಾನು ಮಾತು ಕೊಟ್ಟಿರುವುದಾಗಿ ಅವರು ಹೇಳಿದರು. ಒಬ್ಬ ವಿದ್ವಾಂಸ ಇನ್ನೊಬ್ಬ ವಿದ್ವಾಂಸನಿಗೆ ಪಾಠವನ್ನು ಕೊಡಲಾರದಂತೆ ಕಟ್ಟಿಹಾಕುವ ಈ ಕರಾರು ಸ್ಟಾಲ್‌ಮನ್ನನ ಮನಸ್ಸಿನಲ್ಲಿ ಉಳಿದುಹೋಯಿತು. 1983ರ ಸೆಪ್ಟೆಂಬರಿನಲ್ಲಿ ಅವನು 'ಗ್ನೂ' ಯೋಜನೆಯನ್ನು ಸಾರಿದ. ಟೋರ್ವಾಲ್ಡ್ಸ್ ತನ್ನ ತಿರುಳನ್ನು ಬಿಟ್ಟುಕೊಟ್ಟದ್ದು ಆ ಯೋಜನೆಯಿಂದ ಬಂದ ಪರವಾನಗಿಯ ಅಡಿಯಲ್ಲಿಯೇ.

ವ್ಯಾಕರಣವನ್ನು ಕೊಡದಿದ್ದರೆ ಸುಮ್ಮನಿರುವುದೇ? ಹಾಗೆ ಸುಮ್ಮನಿರದವರ ಕೆಲಸ ನನ್ನಂಥ ಹಳಗನ್ನಡದ ವಿದ್ಯಾರ್ಥಿಗೆ ಬಹಳ ಹತ್ತಿರದ್ದಾಗಿ ಕಂಡಿತು. ಬ್ರಾಹ್ಮೀ ಲಿಪಿಯನ್ನು ಓದಬಲ್ಲವರು ಯಾರೂ ಉಳಿದಿರದ ಕಾಲದಲ್ಲಿ, 1837ರಲ್ಲಿ, ಜೇಮ್ಸ್ ಪ್ರಿನ್ಸೆಪ್ ಸಾಂಚಿಯ ಸ್ತೂಪದ ಕಟಾಂಜನದ ಮೇಲಿನ ಪುಟ್ಟ ಪುಟ್ಟ ಬರಹಗಳನ್ನು ಒಟ್ಟಿಗಿಟ್ಟು ನೋಡಿದ. ಅವುಗಳಲ್ಲಿ ಬಹುಪಾಲು ಒಂದೇ ಅಕ್ಷರಗಳಿಂದ ಮುಗಿಯುತ್ತಿದ್ದವು. ಭಕ್ತರು ಕೊಟ್ಟ ಕಂಬ, ಕಲ್ಲುಗಳ ಮೇಲೆ ಕೊನೆಗೆ ಏನು ಬರೆದಿರಬಹುದು? 'ದಾನಂ' ಎಂದೇ ಇರಬೇಕು ಎಂದು ಊಹಿಸಿದ. ಆ ಒಂದು ಮಾತಿನಿಂದ ಬಾಗಿಲು ತೆರೆಯಿತು. ಅದು ತೆರೆದಿದ್ದರಿಂದಲೇ 1892ರಲ್ಲಿ ಬಿ. ಎಲ್. ರೈಸ್ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಕಂಡಾಗ ಅದನ್ನು ಓದುವುದು ಸಾಧ್ಯವಾಯಿತು.

ಮುಚ್ಚಿಟ್ಟ ಚಿಪ್ಪುಗಳ ಭಾಷೆಯನ್ನು ಬಿಡಿಸಿದವರೂ ಹೀಗೆಯೇ ಕೆಲಸ ಮಾಡಿದ್ದಾರೆ. ತಯಾರಕರ ಡ್ರೈವರ್ ಚಿಪ್ಪಿನೊಡನೆ ಆಡುವ ಮಾತನ್ನು ಹೊರಗಿನಿಂದ ಆಲಿಸುತ್ತಾರೆ. ಈ ಅಂಕಿ ಹೋದಾಗ ಏನಾಯಿತು, ಆ ಅಂಕಿ ಹೋದಾಗ ಏನಾಯಿತು ಎಂದು ಸಾವಿರ ಸಲ ಬರೆದಿಡುತ್ತಾರೆ. ಎನ್‌ವಿಡಿಯಾ ಸಂಸ್ಥೆಯ ಚಿತ್ರದ ಚಿಪ್ಪುಗಳಿಗೆ 'ನೂವೋ' ಎಂಬ ಡ್ರೈವರ್ ಹುಟ್ಟಿದ್ದು ಹೀಗೆ. ಫ್ರೆಂಚಿನಲ್ಲಿ ಆ ಮಾತಿಗೆ 'ಹೊಸದು' ಎಂದರ್ಥ. ವೈಫೈ ಚಿಪ್ಪುಗಳ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆ ವಹಿಸಿದ್ದುಂಟು. ಒಂದು ಗುಂಪು ಪರಿಶೀಲಿಸಿ ಬರಿಯ ವಿವರಣೆಯನ್ನು ಬರೆಯುವುದು. ಮೂಲವನ್ನು ಕಣ್ಣಿಂದಲೂ ಕಾಣದ ಇನ್ನೊಂದು ಗುಂಪು ಆ ವಿವರಣೆಯನ್ನಷ್ಟೇ ಓದಿ ಡ್ರೈವರನ್ನು ರಚಿಸುವುದು. ಕದ್ದರೆಂಬ ಆರೋಪ ಬಾರದಿರಲೆಂದು ಈ ಮಡಿ. ತಾವು ಕೊಂಡ ವಸ್ತುವಿನೊಡನೆ ಮಾತಾಡುವ ಸಲುವಾಗಿ ಜನ ಪಟ್ಟ ಈ ಪಾಡನ್ನು ನೆನೆದಾಗ ಗೌರವವೂ ಮೂಡುತ್ತದೆ, ಬೇಸರವೂ ಆಗುತ್ತದೆ. ಕಾಲವೇ ಅಳಿಸಿಹಾಕಿದ ಲಿಪಿಯನ್ನು ಬಿಡಿಸುವುದಕ್ಕೆ ಬೇಕಾದ ಪ್ರತಿಭೆ, ನಿನ್ನೆ ಮೊನ್ನೆ ತಯಾರಾದ ವಸ್ತುವಿನ ಮೇಲೆ ವ್ಯಯವಾಯಿತಲ್ಲ ಎಂದು.

ನನ್ನ ಯಂತ್ರದ ಕಥೆಗೆ ಮರಳುತ್ತೇನೆ. ಹುಡುಗಿ ತನ್ನ ಮೊಬೈಲನ್ನು ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಅದರ ಅಂತರಜಾಲವನ್ನು ತಂತಿಯ ಮೂಲಕ ಹಂಚಿಕೊಳ್ಳುವಂತೆ ಮಾಡಿದಳು. ಲಿನಕ್ಸಿನ ಕಣ್ಣಿಗೆ ಅದು ಸಾಧಾರಣವಾದ ತಂತಿ ಸಂಪರ್ಕದಂತೆಯೇ ಕಾಣುತ್ತದೆ; ಅದರ ಭಾಷೆ ಮೊದಲೇ ಬರುತ್ತದೆ. ಮೇಲೆ ಹೇಳಿದ ಗಾದೆಯ ಗಂಟು ಹೀಗೆ ಸಡಿಲವಾಯಿತು. ಆಮೇಲೆ ಅವಳು ನನ್ನಿಂದಲೇ ಒಂದು ಆಜ್ಞೆಯನ್ನು ಬರೆಸಿದಳು. ಯಂತ್ರದೊಳಗಿನ ಅಂಗಗಳ ಪಟ್ಟಿ ತೆರೆಯ ಮೇಲೆ ಬಂತು. ಪ್ರತಿಯೊಂದು ಅಂಗಕ್ಕೂ ಎರಡು ಸಂಕೇತಗಳು, ಒಂದೊಂದಕ್ಕೆ ನಾಲ್ಕು ನಾಲ್ಕು ಅಕ್ಷರ: ಮೊದಲನೆಯದು ತಯಾರಕರ ಗುರುತು, ಎರಡನೆಯದು ವಸ್ತುವಿನ ಗುರುತು. ಹೊರಗಿನ ಪೆಟ್ಟಿಗೆಯ ಮೇಲೆ ಏನೇ ಹೆಸರಿರಲಿ, ನಿಜವಾದ ಕುಲಗೋತ್ರ ಇದೇ. ಡ್ರೈವರನ್ನು ಹುಡುಕುವವರು ಲ್ಯಾಪ್‌ಟಾಪಿನ ಹೆಸರಿಡಿದು ಹೋಗದೆ ಈ ಸಂಕೇತವನ್ನು ಹಿಡಿದು ಹೋಗಬೇಕೆಂಬುದು ನಾನು ಕಲಿತ ಮೊದಲ ಪಾಠ.

ಸಂಕೇತದಿಂದ ತಿಳಿದದ್ದೇನೆಂದರೆ, ನನ್ನ ಚಿಪ್ಪಿಗೆ ತಯಾರಕರೇ ಕೊಟ್ಟ, ಒಳಭಾಗವನ್ನು ಮುಚ್ಚಿಟ್ಟ ಒಂದು ಡ್ರೈವರ್ ಉಂಟು. ಈ ಆವೃತ್ತಿಯಲ್ಲಿ ಡ್ರೈವರುಗಳಿಗೆಂದೇ ಇರುವ ಕಿಟಕಿಯಲ್ಲಿ ಅದನ್ನು ಆರಿಸಿದೆವು. ಆಗ ಯಂತ್ರ ಒಂದು ಗುಪ್ತಪದವನ್ನು ಕೇಳಿತು. ಈಗಿನ ಯಂತ್ರಗಳಲ್ಲಿ 'ಸೆಕ್ಯೂರ್ ಬೂಟ್' ಎಂಬ ಕಾವಲು ಇರುತ್ತದೆ. ಒಪ್ಪಿತವಾದ ಸಹಿಯಿಲ್ಲದ ಯಾವುದನ್ನೂ ಅದು ತಿರುಳಿನೊಳಕ್ಕೆ ಬಿಡುವುದಿಲ್ಲ. ಯಂತ್ರವನ್ನು ಮತ್ತೆ ಆರಂಭಿಸಿದಾಗ ನೀಲಿ ತೆರೆಯೊಂದು ಬಂತು. ಅಲ್ಲಿ ಅದೇ ಗುಪ್ತಪದವನ್ನು ಬರೆದು, ಈ ಹೊಸ ಸಹಿಗೆ ನನ್ನ ಒಪ್ಪಿಗೆಯಿದೆಯೆಂದು ತಿಳಿಸಬೇಕಾಯಿತು. ಅನಂತರ ನಮ್ಮ ಮನೆಯ ವೈಫೈ ಮಾತ್ರವಲ್ಲ, ಬೀದಿಯ ಎಂಟು ಮನೆಗಳ ವೈಫೈ ಹೆಸರುಗಳೂ ತೆರೆಯಲ್ಲಿ ಸಾಲಾಗಿ ಕಾಣಿಸಿದವು.

ಆದರೆ ಒಂದು ತಿಂಗಳ ಮೇಲೆ ವೈಫೈ ಮತ್ತೆ ಮಾಯವಾಯಿತು. ತಿರುಳಿನ ಹೊಸ ಆವೃತ್ತಿ ಬಂದಿತ್ತು, ಮುಚ್ಚಿಟ್ಟ ಡ್ರೈವರಿನ ಹೊರಕವಚ ಅದಕ್ಕೆ ಹೊಂದಿಕೊಂಡಿರಲಿಲ್ಲ. ಹೊಂದುವ ಆವೃತ್ತಿ ಬರುವವರೆಗೆ ಹಳೆಯ ತಿರುಳಿನಲ್ಲಿಯೇ ಯಂತ್ರವನ್ನು ಆರಂಭಿಸಿಕೊಂಡು ಹನ್ನೆರಡು ದಿನ ಕಳೆದೆವು. ಇಲ್ಲಿ ಎರಡು ಬಗೆಯ ದುಭಾಷಿಗಳ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಮೂಲಪಾಠವನ್ನು ತೆರೆದಿಟ್ಟ ಡ್ರೈವರ್ ತಿರುಳಿನ ಒಳಗೇ ಬಾಳುತ್ತದೆ. ತಿರುಳು ಬದಲಾದಾಗ, ಬದಲಿಸಿದವರೇ ಅದನ್ನೂ ತಿದ್ದಿ ಹೊಂದಿಸುತ್ತಾರೆ. ಮುಚ್ಚಿಟ್ಟದ್ದು ಹೊರಗೆ ಬಾಗಿಲಲ್ಲಿ ನಿಂತಿರುತ್ತದೆ; ಅದರ ಒಡೆಯರು ಬಂದು ಕರೆದುಕೊಂಡು ಹೋಗಬೇಕು.

ಇದಕ್ಕೆ ಇನ್ನೊಂದು ಮುಖವೂ ಇದೆ. ನಮ್ಮ ಮನೆಯಲ್ಲಿ ಲ್ಯಾಪ್‌ಟಾಪಿಗಿಂತಲೂ ಹಳೆಯದಾದ ಒಂದು ಮುದ್ರಕವಿದೆ. ಹಿಂದಿನ ಕಾರ್ಯಾಚರಣೆ ವ್ಯವಸ್ಥೆಯ ಕೊನೆಯ ಆವೃತ್ತಿಗೆ ಅದರ ತಯಾರಕರು ಡ್ರೈವರ್ ಕೊಟ್ಟಿರಲಿಲ್ಲ. ಮೂರು ವರ್ಷದಿಂದ ಅದು ಬಟ್ಟೆ ಹೊದ್ದು ಕುಳಿತಿತ್ತು. ಲಿನಕ್ಸಿಗೆ ಜೋಡಿಸಿದ ಒಡನೆ, ಯಾರನ್ನೂ ಏನನ್ನೂ ಕೇಳದೆ, ಹಳೆಯ ಪರಿಚಯದವರಂತೆ ಅದನ್ನು ಹೆಸರು ಹಿಡಿದು ಕರೆಯಿತು. ತಯಾರಕರು ಕೈಬಿಟ್ಟ ಮುದ್ರಕದ ಭಾಷೆಯನ್ನು ಎಲ್ಲಿಯೋ ಯಾರೋ ಕಲಿತು ಬರೆದಿಟ್ಟಿದ್ದರು. ನನ್ನ ಪದಸಂಗ್ರಹದ ಮೊದಲ ನೂರು ಪುಟಗಳನ್ನು ಆ ವಾರವೇ ಅಚ್ಚು ತೆಗೆದೆ.

ಸಂಸ್ಥೆಗಳ ಮನೋಭಾವವೂ ಹಾಗೇ ನಿಂತಿಲ್ಲ. ಲಿನಕ್ಸಿನ ಹಿರಿಯ ರಚನಕಾರರಲ್ಲಿ ಒಬ್ಬರಾದ ಗ್ರೆಗ್ ಕ್ರೋ-ಹಾರ್ಟ್‌ಮನ್ 2007ರಲ್ಲಿ, ವಿವರ ಕೊಡಲು ಸಿದ್ಧವಿರುವ ಯಾವ ಸಂಸ್ಥೆಗಾದರೂ ಡ್ರೈವರನ್ನು ಪುಕ್ಕಟೆಯಾಗಿ ಬರೆದುಕೊಡುವುದಾಗಿ ಸಾರಿದರು. 2010ರಲ್ಲಿ ಬ್ರಾಡ್‌ಕಾಮ್ ಸಂಸ್ಥೆ ತನ್ನ ಕೆಲವು ವೈಫೈ ಚಿಪ್ಪುಗಳ ಡ್ರೈವರನ್ನು ಮೂಲಸಹಿತ ಪ್ರಕಟಿಸಿತು. 2012ರಲ್ಲಿ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾನಿಲಯದ ಸಭೆಯೊಂದರಲ್ಲಿ ಟೋರ್ವಾಲ್ಡ್ಸ್ ಎನ್‌ವಿಡಿಯಾ ಸಂಸ್ಥೆಯನ್ನು ಕುರಿತು, ಬಾನುಲಿಯಲ್ಲಿ ಹೇಳಬಾರದ ಮಾತಿನಿಂದ ಸಿಟ್ಟನ್ನು ತೋರಿದ್ದುಂಟು. ಅದೇ ಸಂಸ್ಥೆ 2022ರ ಮೇ ತಿಂಗಳಿನಲ್ಲಿ ತನ್ನ ಹೊಸ ಚಿಪ್ಪುಗಳಿಗೆ, ಡ್ರೈವರಿನಲ್ಲಿ ತಿರುಳಿಗೆ ಸೇರುವ ಭಾಗವನ್ನು ಮೂಲಸಹಿತ ತೆರೆದಿಟ್ಟಿತು. ಮುಕ್ತತೆಯ ವಿಷಯದಲ್ಲಿ ಬಹಳ ನಿಷ್ಠುರವೆಂದು ಹೆಸರಾದ ಡೆಬಿಯನ್ ಬಳಗವೂ 2022ರಲ್ಲಿ ಮತ ಹಾಕಿ, ಚಿಪ್ಪುಗಳೊಳಗೆ ತುಂಬಬೇಕಾದ ಮುಚ್ಚಿದ ತಂತ್ರಾಂಶಗಳನ್ನೂ ತನ್ನ ಸ್ಥಾಪನೆಯ ಪ್ರತಿಯಲ್ಲಿ ಸೇರಿಸಲು ಒಪ್ಪಿತು. ಹೊಸಬನೊಬ್ಬ ವೈಫೈ ಇಲ್ಲದೆ ಬಾಗಿಲಲ್ಲೇ ನಿಲ್ಲಬಾರದಲ್ಲ! ತತ್ತ್ವವನ್ನು ಬಿಡದೆ ಅತಿಥಿಯನ್ನೂ ಬಿಡದೆ ನಡೆಯುವುದು ಹೇಗೆಂಬ ಪ್ರಶ್ನೆ ಎಲ್ಲ ಮನೆಗಳಲ್ಲಿಯೂ ಬರುವಂಥದೇ.

ಕನ್ನಡದ ಮಾತನ್ನು ಹೇಳದೆ ಮುಗಿಸಿದರೆ ತಪ್ಪಾದೀತು. ಲಿನಕ್ಸ್ ಹುಟ್ಟಿದ 1991ನೆಯ ಇಸವಿಯಲ್ಲಿಯೇ ಯೂನಿಕೋಡಿನ ಮೊದಲ ಆವೃತ್ತಿಯೂ ಬಂತು, ಕನ್ನಡಕ್ಕೆ ಅದರಲ್ಲಿ ಸ್ಥಾನ ದೊರೆಯಿತು. ಕೆ. ಪಿ. ರಾಯರ ವಿನ್ಯಾಸದಿಂದ ಬೆಳೆದುಬಂದ ಕೀಲಿಮಣೆ ಈ ವ್ಯವಸ್ಥೆಯ ಪಟ್ಟಿಯಲ್ಲಿ 'ಕಗಪ' ಎಂಬ ಹೆಸರಿನಲ್ಲಿ ಸಿದ್ಧವಾಗಿ ಸಿಕ್ಕಿತು. 'ಗುಬ್ಬಿ', 'ನವಿಲು' ಎಂಬ ಕನ್ನಡ ಅಕ್ಷರಶೈಲಿಗಳೂ ದೊರೆತವು. ಆದರೆ ನಾನು ಮೊದಲಿಗೆ ಟೈಪು ಮಾಡಿದ್ದ ಎರಡು ಸಾವಿರ ಪದಗಳ ಕಡತ, ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಪದ್ಧತಿಯದು. ಒಳಗೆ ಇಂಗ್ಲಿಷ್ ಅಕ್ಷರಗಳು, ಮೇಲೆ ಕನ್ನಡದ ಆಕಾರ. ಆ ಅಕ್ಷರಶೈಲಿ ಇಲ್ಲದ ಕಡೆ ತೆರೆದರೆ ಬರಿಯ ಗೋಜಲು. ಇದೂ ದುಭಾಷಿ ಇಲ್ಲದ ಸ್ಥಿತಿಯೇ. ಇಂಥವನ್ನು ಯೂನಿಕೋಡಿಗೆ ತಿರುಗಿಸುವ ಮುಕ್ತ ತಂತ್ರಾಂಶಗಳನ್ನು ನಮ್ಮ ಕನ್ನಡದ ತರುಣರೇ ಬರೆದಿಟ್ಟಿದ್ದಾರೆ. ತಿರುಗಿಸಿದ ಕಡತದಲ್ಲಿ ಒಂದೆರಡು ಒತ್ತಕ್ಷರಗಳನ್ನು ಕೈಯಿಂದ ತಿದ್ದಬೇಕಾಯಿತು. ಹಸ್ತಪ್ರತಿಗಳ ಪಾಠವನ್ನು ಪರಿಷ್ಕರಿಸಿ ರೂಢಿಯಿದ್ದವನಿಗೆ ಅದು ಭಾರವಾಗಲಿಲ್ಲ.

ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ನನ್ನ ಯಂತ್ರದಲ್ಲಿ ಬೆರಳಚ್ಚನ್ನು ಓದುವ ಪುಟ್ಟ ಕಿಂಡಿಯೊಂದಿದೆ. ಅದರ ಭಾಷೆಯನ್ನು ಇನ್ನೂ ಯಾರೂ ಬಿಡಿಸಿಲ್ಲ. ಅದು ಇಂದಿಗೂ ಮೂಕವಾಗಿದೆ. ಆದ್ದರಿಂದ ನಿಮ್ಮಲ್ಲಿ ಈ ದಾರಿ ಹಿಡಿಯುವವರಿಗೆ ಎರಡು ಮಾತು. ಕಡತಗಳನ್ನು ಮೊದಲು ನಕಲು ಮಾಡಿಡಿ. ಪೆನ್‌ಡ್ರೈವಿನಿಂದ ನಡೆಸಿ ಒಂದೊಂದು ಅಂಗವನ್ನೂ ಪರೀಕ್ಷಿಸಿ, ಆಮೇಲೆ ನೆಲೆಗೊಳಿಸಿ. ಹೊಸ ಯಂತ್ರವನ್ನೋ ಮುದ್ರಕವನ್ನೋ ಕೊಳ್ಳುವಾಗ, ಇದು ಲಿನಕ್ಸಿನಲ್ಲಿ ನಡೆಯುತ್ತದೆಯೇ ಎಂದು ಅಂಗಡಿಯಲ್ಲಿ ಕೇಳಿ. ಉತ್ತರ ಅಂಗಡಿಯವರಿಗೆ ತಿಳಿಯದಿರಬಹುದು. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ತಿಳಿದು ಹೇಳುತ್ತಾರೆ.

ವಸ್ತುವನ್ನು ಕೊಂಡವನಿಗೆ ಅದರೊಡನೆ ಮಾತಾಡುವ ಹಕ್ಕೂ ಸೇರಿಯೇ ಬರಬೇಕು. ಕಮ್ಮಾರ ಕೊಡಲಿಯನ್ನು ಮಾರಿದ ಮೇಲೆ, ಹತ್ತು ವರ್ಷ ಕಳೆಯಿತು, ಇನ್ನು ಇದರಿಂದ ಸೌದೆ ಒಡೆಯಬೇಡ ಎನ್ನುವುದಿಲ್ಲ. ಕಾವು ಮುರಿದರೆ ಬೇರೆ ಯಾರಾದರೂ ಹಾಕಿಕೊಡಬಹುದು. ಹನ್ನೊಂದು ಸಾವಿರ ಮಾತುಗಳನ್ನು ನನಗೆ ಹೇಳಿದ ಆ ಕಸುಬುದಾರರಲ್ಲಿ ಒಬ್ಬರೂ ತಮ್ಮ ಮಾತಿಗೆ ಬೀಗ ಹಾಕಲಿಲ್ಲ, ಬೆಲೆ ಕೇಳಲಿಲ್ಲ. ಅವರ ಮಾತುಗಳು ಈಗ ಅವರ ಮನೋಧರ್ಮದ್ದೇ ಆದ ಒಂದು ವ್ಯವಸ್ಥೆಯಲ್ಲಿ ಕುಳಿತಿವೆ ಎಂಬುದು ನನ್ನ ಸಮಾಧಾನ. 'ತಿ' ಅಕ್ಷರದವರೆಗೆ ಪರಿಷ್ಕರಣ ಮುಗಿದಿದೆ, ಉಳಿದದ್ದು ನಡೆಯುತ್ತಿದೆ.